ವೇಗದ ಹೊಗಳಿಕೆ ಸಾಕು

ಪ್ರೋಗ್ರೆಸಿವ್ ರಾಕ್ ಮತ್ತು ಜಾಝ್ ಫ್ಯೂಷನ್ ಅಭಿಮಾನಿಗಳನ್ನು ಮಾತಿಗೆಳೆದರೆ ಮಾತು ಲೆಕ್ಕದಿಂದಲೇ ಶುರುವಾಗುತ್ತದೆ. ಈ ಹಾಡು ಏಳರ ಎಣಿಕೆಯಲ್ಲಿದೆ, ಅದು ಹದಿನೆಂಟರಲ್ಲಿದೆ, ಗಿಟಾರಿಸ್ಟ್ ಸೆಕೆಂಡಿಗೆ ಇಷ್ಟು ಸ್ವರ ಉದುರಿಸುತ್ತಾನೆ. ಈ ಸಂಗೀತವನ್ನು ಕಂಡರಾಗದವರೂ ಅದೇ ಲೆಕ್ಕ ಹಿಡಿದು ಬೈಯುತ್ತಾರೆ: ಬರೀ ಕಸರತ್ತು, ಆಡಂಬರ, ಭಾವವಿಲ್ಲದ ಚಮತ್ಕಾರ. ಈ ಪರಂಪರೆಯ ಜೀವಾಳ ಕೈಚಳಕ ಎಂಬುದನ್ನು ಹೊಗಳುವವರೂ ತೆಗಳುವವರೂ ಒಪ್ಪಿಕೊಂಡೇ ಜಗಳಕ್ಕೆ ಇಳಿದಿರುತ್ತಾರೆ. ನನಗೆ ಆ ಒಪ್ಪಿಗೆಯೇ ತಪ್ಪಾಗಿ ಕಾಣುತ್ತದೆ. 1969ರಿಂದ ಸುಮಾರು 1977ರ ತನಕ ಬಂದ ಆಲ್ಬಂಗಳಲ್ಲಿ ಇವತ್ತಿಗೂ ಕೇಳಿಸಿಕೊಳ್ಳುವಂಥವು, ಕೈಚಳಕ ಇದ್ದವರು ಅದನ್ನು ತಡೆಹಿಡಿದು, ಕೇಳುಗನನ್ನು ಬಹಳ ಹೊತ್ತು ನಿರೀಕ್ಷೆಯಲ್ಲಿ ಕೂರಿಸಿ ಕಟ್ಟಿದಂಥವು. ಮೊದಲ ನಿಮಿಷದಲ್ಲೇ ಇದ್ದದ್ದನ್ನೆಲ್ಲ ತೋರಿಸಿಬಿಟ್ಟವು ಸವೆದುಹೋದವು. ಎಲ್‌ಪಿ ತಟ್ಟೆಯ ಒಂದು ಮಗ್ಗುಲು ಇಪ್ಪತ್ತು ನಿಮಿಷದಷ್ಟು ಜಾಗ ಕೊಡುತ್ತಿತ್ತು. ಅದನ್ನು ತುಂಬುವುದು ಅನೇಕರಿಂದ ಆಯಿತು, ಬಳಸಿಕೊಳ್ಳುವುದು ಕೆಲವರಿಂದ ಮಾತ್ರ.

ಮೈಲ್ಸ್ ಡೇವಿಸ್ ಅವರ ‘ಇನ್ ಎ ಸೈಲೆಂಟ್ ವೇ’ 1969ರಲ್ಲಿ ಬಂತು. ಅದರಲ್ಲಿ ಡ್ರಮ್ಸ್ ನುಡಿಸಿದ ಟೋನಿ ವಿಲಿಯಮ್ಸ್ ಹದಿನೇಳರ ಹರೆಯದಲ್ಲೇ ಡೇವಿಸ್ ತಂಡ ಸೇರಿ, ಜಾಝ್ ಡ್ರಮ್ಸಿನ ದಿಕ್ಕನ್ನೇ ಬದಲಿಸಿದವರು. ಅಂಥವರು ಮೊದಲ ಮಗ್ಗುಲಿನ ಉದ್ದಕ್ಕೂ ಹೆಚ್ಚುಕಡಿಮೆ ಹೈ-ಹ್ಯಾಟ್ ಒಂದನ್ನೇ ನುಡಿಸುತ್ತಾರೆ. ಹದಿನೆಂಟು ನಿಮಿಷ ಆ ಜೋಡಿ ತಟ್ಟೆ ಒಂದೇ ಸಮನೆ ಚಿಕ್‌ಚಿಕ್ ಅನ್ನುತ್ತಿರುತ್ತದೆ. ಮೂರು ಕೀಬೋರ್ಡುಗಳು ಒಂದಕ್ಕೊಂದು ದಾರಿ ಬಿಟ್ಟುಕೊಡುತ್ತ ಅದರ ಮೇಲೆ ಸುಳಿದಾಡುತ್ತವೆ. ಎರಡನೇ ಮಗ್ಗುಲಿನಲ್ಲೂ ಬಹಳ ಹೊತ್ತು ಇದೇ ಸಂಯಮ. ಡೇವಿಸ್ ಅವರ ಟ್ರಂಪೆಟ್ ಮರಳಿ ಬಂದಮೇಲೆ ವಿಲಿಯಮ್ಸ್ ಕೊನೆಗೂ ಪೂರ್ತಿ ಡ್ರಮ್ಸಿಗೆ ಇಳಿಯುತ್ತಾರೆ. ಅಷ್ಟು ಹೊತ್ತು ಕೂಡಿಟ್ಟ ಬಲ ಒಮ್ಮೆ ಹೊರಬಿದ್ದು ಮತ್ತೆ ತಣ್ಣಗಾಗುತ್ತದೆ. ಜೋ ಝಾವಿನುಲ್ ಬರೆದು ತಂದ ಶೀರ್ಷಿಕೆ ಕೃತಿಯಿಂದ ಡೇವಿಸ್ ಕಾರ್ಡ್‌ಗಳನ್ನು ಬಹುಪಾಲು ತೆಗೆದುಹಾಕಿ, ರಾಗವನ್ನು ಒಂದೇ ಆಧಾರ ಸ್ವರದ ಮೇಲೆ ನಿಲ್ಲಿಸಿದರು. ನಿರ್ಮಾಪಕ ಟಿಯೋ ಮಸೇರೋ ಟೇಪು ಕತ್ತರಿಸಿ, ಎರಡೂ ಮಗ್ಗುಲಿನ ಆರಂಭದ ಭಾಗವನ್ನೇ ಕೊನೆಗೂ ಅಂಟಿಸಿದರು. ಇದು ಸ್ಟುಡಿಯೋದ ಕಳ್ಳಾಟ, ಮನೋಧರ್ಮದಿಂದ ಹುಟ್ಟಬೇಕಾದ ಸಂಗೀತಕ್ಕೆ ದ್ರೋಹ ಎಂದವರಿದ್ದಾರೆ. ಆದರೆ ಸ್ವರಪ್ರಸ್ತಾರವೆಲ್ಲ ಮುಗಿದಮೇಲೆ ಪಲ್ಲವಿಗೆ ಮರಳುವುದರಲ್ಲಿ ಎಂಥ ಸುಖವಿದೆ ಎಂದು ಬಲ್ಲವರಿಗೆ ಮಸೇರೋ ಮಾಡಿದ್ದು ವಿಚಿತ್ರವೆನಿಸಬಾರದು. ಎರಡನೇ ಸಲ ಬಂದ ಅದೇ ಭಾಗ ಬೇರೆಯಾಗಿಯೇ ಕೇಳಿಸುತ್ತದೆ, ನಡುವೆ ನಡೆದದ್ದೆಲ್ಲ ಕಿವಿಯಲ್ಲಿ ಉಳಿದಿರುವುದರಿಂದ.

ರಾಕ್ ಕಡೆಯಿಂದ ಇದಕ್ಕೆ ಸಮನಾದ ಸಾಕ್ಷಿ ಕಿಂಗ್ ಕ್ರಿಮ್ಸನ್ ತಂಡದ ‘ರೆಡ್’ (1974) ಆಲ್ಬಂನ ಕೊನೆಯ ಕೃತಿ ‘ಸ್ಟಾರ್‌ಲೆಸ್’. ಹನ್ನೆರಡು ನಿಮಿಷದ ಈ ಕೃತಿಯ ಮೊದಲ ಭಾಗ ಸಾವಧಾನವಾದ, ದುಃಖದ ಹಾಡು. ಹಾಡು ಮುಗಿದೊಡನೆ ಜಾನ್ ವೆಟ್ಟನ್ ಅವರ ಬೇಸ್ ಹದಿಮೂರರ ಎಣಿಕೆಯ ಒಂದು ತುಣುಕನ್ನು ಹಿಡಿದು ಸುತ್ತತೊಡಗುತ್ತದೆ. ಅದರ ಮೇಲೆ ರಾಬರ್ಟ್ ಫ್ರಿಪ್ ನುಡಿಸುವುದು ಏನು? ಒಂದು ಸ್ವರ. ಎರಡು ತಂತಿಗಳ ಮೇಲೆ ಅದೇ ಸ್ವರವನ್ನು ಮೀಟುತ್ತ, ಬಹಳ ಹೊತ್ತಿನ ಮೇಲೆ ಒಂದು ಮೆಟ್ಟಿಲು ಏರಿ, ಅಲ್ಲಿ ಮತ್ತೆ ನಿಂತು. ಬಿಲ್ ಬ್ರೂಫರ್ಡ್ ಅಲ್ಲೊಂದು ಇಲ್ಲೊಂದು ಪೆಟ್ಟು ಹಾಕುತ್ತಾರೆ, ಪೆಟ್ಟುಗಳು ಕ್ರಮೇಣ ದಟ್ಟವಾಗುತ್ತವೆ. ಗಿಟಾರಿನಲ್ಲಿ ಫ್ರಿಪ್‌ಗೆ ಅಸಾಧ್ಯವಾದದ್ದು ಕಡಿಮೆ. ಆದರೂ ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಅವರು ಹರಿಕಾರನಂತೆ ಒಂದೇ ಸುದ್ದಿ ಹೇಳುತ್ತಾರೆ. ಕೊನೆಗೆ ತಂಡ ಇಮ್ಮಡಿ ವೇಗಕ್ಕೆ ಜಿಗಿದಾಗ, ಸ್ಯಾಕ್ಸಫೋನ್ ನುಗ್ಗಿ ಮೊದಲ ರಾಗ ಪೂರ್ಣ ಗಾತ್ರದಲ್ಲಿ ಮರಳಿದಾಗ, ಆ ವೇಗವನ್ನು ಕೇಳುಗ ಕಾದು ಸಂಪಾದಿಸಿಕೊಂಡಿರುತ್ತಾನೆ. ಈ ಇಡೀ ಪರಂಪರೆಯಿಂದ ಒಂದೇ ಕೃತಿ ಉಳಿಸಿಕೊಳ್ಳಿ ಎಂದರೆ ನಾನು ಆರಿಸುವುದು ಇದನ್ನು.

ಮಹಾವಿಷ್ಣು ಆರ್ಕೆಸ್ಟ್ರಾ ಈ ವಾದಕ್ಕೆ ಅಡ್ಡ ಬರುತ್ತದೆ ಎಂದು ಯಾರಾದರೂ ಹೇಳಬಹುದು, ಆಕ್ಷೇಪ ನ್ಯಾಯವಾದದ್ದೇ. ‘ದಿ ಇನ್ನರ್ ಮೌಂಟಿಂಗ್ ಫ್ಲೇಮ್’ (1971), ‘ಬರ್ಡ್ಸ್ ಆಫ್ ಫೈರ್’ (1973) ಎರಡರಲ್ಲೂ ಜಾನ್ ಮೆಕ್ಲಾಫ್ಲಿನ್ ಅವರ ಗಿಟಾರು ಬೆಂಕಿ ಬಿದ್ದಂತೆ ಓಡುತ್ತದೆ, ಬಿಲ್ಲಿ ಕಾಬಮ್ ಅವರ ಡ್ರಮ್ಸ್ ಬಿಡುವು ಕೊಡುವುದಿಲ್ಲ. ಆದರೆ ‘ಬರ್ಡ್ಸ್ ಆಫ್ ಫೈರ್’ ಶೀರ್ಷಿಕೆ ಕೃತಿಯನ್ನು ಗಮನವಿಟ್ಟು ಕೇಳಬೇಕು. ಜಾಗಟೆಯ ನಾದದಿಂದ ಶುರುವಾಗಿ, ಗಿಟಾರಿನ ಒಂದು ಆವರ್ತ ಸುತ್ತುತ್ತಲೇ ಇರುತ್ತದೆ. ಅದರ ಮೇಲೆ ಪಿಟೀಲು, ಗಿಟಾರು ಕೂಡಿ ಎಳೆಯುವ ಮುಖ್ಯ ರಾಗ ನೀಳ ಸ್ವರಗಳದ್ದು. ಕೆಳಗೆ ಓಟ, ಮೇಲೆ ನಿಲುವು. ಹದಿನೆಂಟರ ಎಣಿಕೆ ಎಂಬ ಬೆರಗು ನಮ್ಮ ಕಡೆಯ ಕೇಳುಗರಿಗಂತೂ ಅನವಶ್ಯಕ. ಮಿಶ್ರ ಛಾಪು, ಖಂಡ ಛಾಪಿಗೆ ತೊಡೆ ತಟ್ಟಿ ಬೆಳೆದವರಿಗೆ ಇಂಥ ಎಣಿಕೆ ಸಾಧನೆಯಲ್ಲ, ನೆಲ ಮಾತ್ರ. ಮೆಕ್ಲಾಫ್ಲಿನ್ ಇದನ್ನು ಅರಿತಿದ್ದರು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತವರು, ‘ಶಕ್ತಿ’ ತಂಡ ಕಟ್ಟುವಾಗ ವಿದ್ಯುತ್ ಗಿಟಾರನ್ನು ಬದಿಗಿಟ್ಟು ಎಲ್. ಶಂಕರ್, ಝಾಕಿರ್ ಹುಸೇನ್, ಘಟಂ ವಿನಾಯಕರಾಮ್ ಅವರ ನಡುವೆ ಕುಳಿತರು. ಗಮಕಕ್ಕೆ ಅನುಕೂಲವಾಗಲೆಂದು ಅವರ ಗಿಟಾರಿನ ಮೆಟ್ಟಿಲುಗಳ ನಡುವೆ ಮರವನ್ನು ಕೆತ್ತಿ ತಗ್ಗು ಮಾಡಲಾಗಿತ್ತು. ಬೆರಳು ತಂತಿಯನ್ನು ಎಳೆದು ಬಾಗಿಸಬಹುದಿತ್ತು. ಅಲ್ಲೂ ಓಟವಿದೆ, ನಿಜ. ಕೆಲವೊಮ್ಮೆ ಅತಿಯಾಗಿಯೇ ಇದೆ.

ನನ್ನ ವಾದ ಇಷ್ಟೇ ಆಗಿದ್ದರೆ ನಿಧಾನವಾದದ್ದೆಲ್ಲ ಒಳ್ಳೆಯದು ಎಂದಂತಾಗುತ್ತಿತ್ತು. ಯೆಸ್ ತಂಡದ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್’ (1973) ಆ ಮಾತನ್ನು ಸುಳ್ಳು ಮಾಡುತ್ತದೆ. ಗಾಯಕ ಜಾನ್ ಆಂಡರ್ಸನ್, ಪರಮಹಂಸ ಯೋಗಾನಂದರ ‘ಆಟೋಬಯಾಗ್ರಫಿ ಆಫ್ ಎ ಯೋಗಿ’ಯ ಒಂದು ಅಡಿಟಿಪ್ಪಣಿಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ಬಗೆಯ ಶಾಸ್ತ್ರಗಳ ಬಗ್ಗೆ ಓದಿ, ನಾಲ್ಕು ಮಗ್ಗುಲಿಗೆ ನಾಲ್ಕು ಕೃತಿ ಎಂದು ಯೋಜನೆ ಹಾಕಿದರು. ಉದ್ದವನ್ನು ಸಂಗೀತ ಬೇಡಲಿಲ್ಲ, ಯೋಜನೆ ಬೇಡಿತು. ಒಳ್ಳೆಯ ರಾಗಗಳಿವೆ; ಅವು ಒಂದಾದಮೇಲೊಂದು ಬಂದುಹೋಗುತ್ತವೆ, ಯಾವುದಕ್ಕಾಗಿಯೂ ಯಾರೂ ಕಾಯಬೇಕಿಲ್ಲ. ಕೀಬೋರ್ಡ್ ನುಡಿಸಿದ ರಿಕ್ ವೇಕ್‌ಮನ್‌ಗೂ ಇದು ಹಿಡಿಸಲಿಲ್ಲ. ಕಛೇರಿಯ ನಡುವೆ ವೇದಿಕೆಯ ಮೇಲೆಯೇ ಕರಿ ತಿಂದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಶಾಸ್ತ್ರಗಳಿಗೆ ಸಂದ ಕಾಣಿಕೆ ಎನ್ನಬೇಕು! ಅದಕ್ಕೆ ಒಂದು ವರ್ಷ ಮೊದಲು ಇದೇ ತಂಡ ‘ಕ್ಲೋಸ್ ಟು ದಿ ಎಡ್ಜ್’ನಲ್ಲಿ ಹದಿನೆಂಟು ನಿಮಿಷವನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತು ಎಂದರೆ, ಹಕ್ಕಿಗಳ ಸದ್ದಿನಿಂದ ಶುರುವಾದದ್ದು ನಡುವಿನ ನಿಶ್ಚಲ ಭಾಗವನ್ನು ದಾಟಿ ಮೊದಲ ಪಲ್ಲವಿಗೆ ಬಂದು ಸೇರುವಾಗ ಒಂದು ನಿಮಿಷವೂ ದಂಡವಾಯಿತು ಎನ್ನಿಸುವುದಿಲ್ಲ. ಎದುರು ತುದಿಯ ಸೋಲು ರಿಟರ್ನ್ ಟು ಫಾರೆವರ್ ತಂಡದ ‘ರೊಮ್ಯಾಂಟಿಕ್ ವಾರಿಯರ್’ (1976). ನಾಲ್ವರೂ ಮಹಾ ವಿದ್ವಾಂಸರು, ನಾಲ್ವರೂ ಸದಾ ನುಡಿಸುತ್ತಲೇ ಇರುತ್ತಾರೆ.

ಫ್ಯೂಷನ್ ಎಂದರೆ ಜಾಝನ್ನು ಮಾರುಕಟ್ಟೆಗೆ ಮಾರಿಕೊಂಡ ಸಂಗೀತ ಎಂಬ ದೂರಿಗೆ ಉತ್ತರ ಸುಲಭ. ಹರ್ಬಿ ಹ್ಯಾನ್‌ಕಾಕ್ ಅವರ ‘ಹೆಡ್ ಹಂಟರ್ಸ್’ (1973) ಲಕ್ಷಗಟ್ಟಲೆ ಮಾರಾಟವಾಯಿತು. ಅದರ ಮೊದಲ ಕೃತಿ ‘ಕಮೀಲಿಯನ್’ ಹದಿನೈದು ನಿಮಿಷಕ್ಕೂ ಉದ್ದ. ಮೂರೂವರೆ ನಿಮಿಷದ ಹಾಡಿನ ಮಾರುಕಟ್ಟೆಗೆ ಯಾರೂ ಹಾಗೆ ಸರಕು ತಯಾರಿಸುವುದಿಲ್ಲ. ಇನ್ನು, ಮೂರು ಕಾರ್ಡಿನ ಪಂಕ್ ಬಂದು ಈ ಆಡಂಬರವನ್ನು ಕೊಂದಿತು ಎಂಬ ಕಥೆ ಕೇಳಲು ಚೆನ್ನಾಗಿದೆ, ತಾರೀಖುಗಳು ಒಪ್ಪುವುದಿಲ್ಲ. ಸೆಕ್ಸ್ ಪಿಸ್ಟಲ್ಸ್ ತಂಡದ ಮೊದಲ ರೆಕಾರ್ಡು ಹೊರಬಂದದ್ದು 1976ರ ನವೆಂಬರಿನಲ್ಲಿ. ಫ್ರಿಪ್ ಕಿಂಗ್ ಕ್ರಿಮ್ಸನ್ ತಂಡವನ್ನು ವಿಸರ್ಜಿಸಿದ್ದು ಅದಕ್ಕೆ ಎರಡು ವರ್ಷ ಮೊದಲು, ಮಹಾವಿಷ್ಣುವಿನ ಮೊದಲ ತಂಡ ಒಡೆದದ್ದು ಇನ್ನೂ ಮುಂಚೆ. ಈ ಪಂಥ ತನ್ನ ಕಾಯಿಲೆಯಿಂದಲೇ ಬಡವಾಗಿತ್ತು. ಪಂಕ್ ಬಂದದ್ದು ಆಮೇಲೆ. ತಡೆಹಿಡಿಯುವುದನ್ನು ಮತ್ತೆ ಕಲಿತವರು ಆಮೇಲೂ ಬದುಕಿದರು. ಮತ್ತೆ ಕೂಡಿದ ಕಿಂಗ್ ಕ್ರಿಮ್ಸನ್ ತಂಡದ 1981ರ ‘ಡಿಸಿಪ್ಲಿನ್’ ಆಲ್ಬಂನಲ್ಲಿ ಫ್ರಿಪ್, ಏಡ್ರಿಯನ್ ಬೆಲ್ಯೂ ಇಬ್ಬರ ಗಿಟಾರುಗಳು ಒಂದೇ ತುಣುಕನ್ನು ಹಿಡಿದು, ಒಂದು ಗಿಟಾರು ಒಂದು ಮಾತ್ರೆ ಕಳೆದುಕೊಂಡು ಹಿಂದುಮುಂದಾಗಿ, ಸುತ್ತಿ ಬಂದು ಮತ್ತೆ ಕೂಡುತ್ತವೆ. ಅಲ್ಲಿ ಏಕಾಂಗಿ ಪ್ರದರ್ಶನಕ್ಕೆ ಜಾಗವೇ ಕಡಿಮೆ.

ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಟಿ.ಎ.ಎಸ್. ಮಣಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಒಂದು ಕಾಲಕ್ಕೆ ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದ್ದ ಸ್ಯಾಕ್ಸಫೋನ್ ವಾದಕ ಚಾರ್ಲಿ ಮೇರಿಯಾನೊ ಅವರೊಂದಿಗೆ ‘ಜ್ಯೋತಿ’ ಎಂಬ ಆಲ್ಬಂ ಧ್ವನಿಮುದ್ರಿಸಿತು. 1983ರದು, ಜರ್ಮನಿಯ ಇಸಿಎಂ ಕಂಪನಿಯ ಪ್ರಕಟಣೆ. ಆರ್.ಎ. ರಮಾಮಣಿ ಅವರ ಹಾಡಿಕೆಗೆ ಮೇರಿಯಾನೊ ಪೈಪೋಟಿ ಕೊಡಲು ಹೋಗುವುದಿಲ್ಲ. ರಮಾಮಣಿ ಬಿಟ್ಟ ಜಾಗದಲ್ಲಿ ಮಾತ್ರ ನುಡಿಸುತ್ತಾರೆ. ಮೃದಂಗ, ಘಟ, ಖಂಜಿರ, ಕೊನ್ನಕ್ಕೋಲು ಎಲ್ಲ ಇದ್ದರೂ ಲಯದ ಲೆಕ್ಕ ತೋರಿಸಿಕೊಳ್ಳುವ ಆತುರ ಯಾರಿಗೂ ಇಲ್ಲ. ಈ ಬಗೆಯ ಸಂಗೀತದ ಪರಿಚಯ ಮಾಡಿಕೊಳ್ಳಬೇಕೆಂದಿರುವ ಕನ್ನಡದ ಕೇಳುಗರು ‘ರೊಮ್ಯಾಂಟಿಕ್ ವಾರಿಯರ್’ನ ಖ್ಯಾತಿಗೆ ಮರುಳಾಗದೆ, ‘ಜ್ಯೋತಿ’ಯಿಂದ ಶುರು ಮಾಡಿ ‘ಸ್ಟಾರ್‌ಲೆಸ್’ಗೆ ಬರಲಿ.