ಒಂದು ವಾಷರ್, ಅರ್ಧ ಲೇನ್

ಗಾಡಿಯ ಮೂತಿಗೆ ಕಬ್ಬಿಣದ ಗಾರ್ಡ್ ಹಾಕಿಸುವ ಆಸೆ ನಮ್ಮ ಮಂಡ್ಯ ಸೀಮೆಯಲ್ಲಿ ಹಳೆಯದು. ಅದಕ್ಕೆ ಕಾರಣಗಳೂ ಇವೆ. ಪಾಂಡವಪುರದ ಕಡೆ ರಾತ್ರಿ ಹೊತ್ತು ಕಬ್ಬಿನ ಗದ್ದೆಯಿಂದ ಹಂದಿ ರಸ್ತೆಗೆ ನುಗ್ಗುತ್ತದೆ. ಬೇಬಿ ಬೆಟ್ಟದ ಜಾತ್ರೆ, ಕೆ.ಆರ್. ಪೇಟೆಯ ಹೇಮಗಿರಿ ಜಾತ್ರೆ ಬಂತೆಂದರೆ ದಾರಿಯುದ್ದಕ್ಕೂ ರಾಸುಗಳ ಸಾಲು. ನಾಗಮಂಗಲದ ಹಳ್ಳಿ ದಾರಿಗಳಲ್ಲಿ ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಟಾರಿನ ಮೇಲೇ ಹರಡಿ ಒಕ್ಕಣೆ ನಡೆಯುತ್ತದೆ. ಇಂಥ ಕಡೆ ಓಡಾಡುವವರಿಗೆ ಪ್ಲಾಸ್ಟಿಕ್ ಬಂಪರಿನ ಮೇಲೆ ಭರವಸೆ ಹುಟ್ಟುವುದಿಲ್ಲ. ಅದೂ ಅಲ್ಲದೆ ದಪ್ಪ ಪೈಪಿನ ಗಾರ್ಡ್ ಹೊತ್ತು ನಿಂತ ಜೀಪಿಗೆ ಒಂದು ಗತ್ತು ಇರುತ್ತದೆ. ಆ ಗತ್ತು ನನಗೂ ಇಷ್ಟ.

ಆದರೆ ಬಂಪರಿನ ಹಿಂದೆ ಈಗ ಇನ್ನೊಂದು ವಸ್ತು ಬಂದು ಕೂತಿದೆ. 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ700, 2024ರ ಥಾರ್ ರಾಕ್ಸ್, ಇಂಥ ಗಾಡಿಗಳ ಮೇಲಿನ ದರ್ಜೆಯ ಮಾದರಿಗಳಲ್ಲಿ ಮುಂದಿನ ಗಾಜಿನ ಹಿಂದೆ ಕ್ಯಾಮೆರಾ, ಮೂತಿಯಲ್ಲಿ ರಾಡಾರ್ ಇರುತ್ತವೆ. ಮುಂದಿನ ಗಾಡಿ ನಿಧಾನವಾದರೆ ತಾನೂ ನಿಧಾನವಾಗುವ, ಅದು ಓಡಿದರೆ ಮತ್ತೆ ವೇಗ ಹಿಡಿಯುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಕೆಲಸ ಮಾಡುವುದು ಇವುಗಳ ಬಲದ ಮೇಲೆ. ಹೋಂಡಾ ಎಲಿವೇಟ್‌ನಂಥ ಗಾಡಿಗಳಲ್ಲಿ ಕ್ಯಾಮೆರಾ ಒಂದೇ ಇರುವುದರಿಂದ ಈ ವಾರದ ಮಾತು ಅವಕ್ಕೆ ತಾಗುವುದಿಲ್ಲ. ಸಂತೆಗೆ ಟೊಮೆಟೊ, ಬೆಲ್ಲ ಹೊರುವ ನಮ್ಮ ಬೊಲೆರೊ ಪಿಕಪ್‌ಗಳಿಗೂ ತಾಗುವುದಿಲ್ಲ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಪಿಕಪ್‌ಗೂ ರಾಡಾರ್ ಬಂದು ಬಹಳ ಕಾಲವಾಯಿತು. ಅಲ್ಲಿ ಉಕ್ಕಿನ ಬಂಪರ್ ಹಾಕಿಸುವವರು ರಾಡಾರನ್ನು ಬಿಚ್ಚಿ ಬೇರೆ ಜಾಗಕ್ಕೆ ಕೂರಿಸಲು ಬ್ರಾಕೆಟ್ ಕೊಳ್ಳುತ್ತಾರೆ. ನಮ್ಮಲ್ಲಿ ಆ ಕೆಲಸ ವೆಲ್ಡಿಂಗ್ ಅಂಗಡಿಗೆ ಬರುತ್ತದೆ: "ಗಾರ್ಡ್ ಅಡ್ಡ ಬರ್ತದೆ, ಈ ಡಬ್ಬಿನ ಒಂಚೂರು ಕೆಳಕ್ಕೆ ಇಳಿಸಿಕೊಡಣ್ಣ."

ಒಂಚೂರು ಕೆಳಕ್ಕೆ ಇಳಿಸುವುದು ಅಷ್ಟು ದೊಡ್ಡ ವಿಷಯವಲ್ಲ. ಓರೆಯಾಗಿ ಇಳಿಸುವುದು ದೊಡ್ಡ ವಿಷಯ. ಈ ಎರಡರ ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಈ ರಾಡಾರ್ ಬಿಡುವ ಅಲೆ ಸುಮಾರು 77 ಗಿಗಾಹರ್ಟ್ಸ್‌ನದು, ಒಂದೊಂದು ಅಲೆಯ ಉದ್ದ 4 ಮಿಲಿಮೀಟರಿಗೂ ಕಡಿಮೆ. ಅಲೆ ಮುಂದಿನ ಗಾಡಿಗೆ ತಾಗಿ ಹಿಂದಿರುಗುವುದರಿಂದ ದೂರ ತಿಳಿಯುತ್ತದೆ, ಹಿಂದಿರುಗಿದ ಅಲೆಯ ಆವರ್ತನದಲ್ಲಿ ಆದ ಬದಲಾವಣೆಯಿಂದ ವೇಗ ತಿಳಿಯುತ್ತದೆ. ಈಗ ರಾಡಾರನ್ನು 10 ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ, ನೋಟ ಮಾತ್ರ ನೇರ ಉಳಿಸಿದಿರಿ ಎನ್ನಿ. ನೂರು ಮೀಟರ್ ದೂರದಲ್ಲೂ ಆಗುವ ವ್ಯತ್ಯಾಸ ಅದೇ 10 ಸೆಂಟಿಮೀಟರ್. ಅದೇ ರಾಡಾರನ್ನು ಇದ್ದಲ್ಲೇ ಬಿಟ್ಟು ಒಂದು ಡಿಗ್ರಿ ತಿರುಗಿಸಿದರೆ ನೂರು ಮೀಟರಿನಲ್ಲಿ ನೋಟ 1.75 ಮೀಟರ್ ತಪ್ಪುತ್ತದೆ. ಹೆದ್ದಾರಿಯ ಲೇನ್ ಅಗಲ 3.5 ಮೀಟರ್. ಅಲ್ಲಿಗೆ ಅರ್ಧ ಲೇನ್ ಹೋಯಿತು. ಎರಡು ಡಿಗ್ರಿ ತಿರುಗಿದರೆ ನಿಮ್ಮ ಗಾಡಿ ಪಕ್ಕದ ಲೇನಿನ ಲಾರಿಯನ್ನು ತನ್ನ ಮುಂದಿನದೆಂದು ತಿಳಿಯಬಹುದು, ತನ್ನ ಮುಂದಿರುವುದನ್ನು ಬಿಟ್ಟೇಬಿಡಬಹುದು.

ಒಂದು ಡಿಗ್ರಿ ಎಂದರೆ ಎಷ್ಟು ಎಂದು ವರ್ಕ್‌ಶಾಪಿನ ಲೆಕ್ಕದಲ್ಲಿ ನೋಡೋಣ. ಬ್ರಾಕೆಟ್ಟಿನ ಎರಡು ಬೋಲ್ಟುಗಳ ನಡುವೆ 10 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಅದರಲ್ಲಿ ಒಂದು ಬೋಲ್ಟಿನ ಹಿಂದೆ ಎಂಟು ಎಂಎಂ ಬೋಲ್ಟಿನ ಸಾಮಾನ್ಯ ವಾಷರ್ ಒಂದು ಹೆಚ್ಚಾಗಿ ಸೇರಿದರೆ ಸಾಕು. ಆ ವಾಷರಿನ ದಪ್ಪ 1.6 ಮಿಲಿಮೀಟರ್, ಆಗುವ ಓರೆ ಹೆಚ್ಚುಕಡಿಮೆ ಒಂದು ಡಿಗ್ರಿ. ನಮ್ಮ ವೆಲ್ಡಿಂಗ್ ಅಂಗಡಿಯವರ ಕೈಚಳಕದ ಮೇಲೆ ನನಗೆ ದೊಡ್ಡ ಗೌರವವಿದೆ. ಕಬ್ಬಿನ ಟ್ರೇಲರನ್ನು ಚಾಸಿಯಿಂದ ಹಿಡಿದು ಎತ್ತಿ ನಿಲ್ಲಿಸುವವರು, ಆಲೆಮನೆಯ ಗಾಣ ಮುರಿದರೆ ರಾತ್ರೋರಾತ್ರಿ ಓಡುವಂತೆ ಮಾಡಿಕೊಡುವವರು ಅವರು. ಆದರೆ ಒಂದು ಡಿಗ್ರಿ ಓರೆ ಯಾವ ನುರಿತ ಕಣ್ಣಿಗೂ ಕಾಣುವುದಿಲ್ಲ. ವೆಲ್ಡಿಂಗ್‌ನ ಕಾವಿಗೆ ತೆಳು ಪಟ್ಟಿ ತಣಿಯುವಾಗ ಸೆಳೆದುಕೊಂಡರೆ ಅಷ್ಟು ಓರೆ ತಾನಾಗಿಯೇ ಬರುತ್ತದೆ. ಹಾಗಾಗಿ ಬ್ರಾಕೆಟ್ ದಪ್ಪ ಪ್ಲೇಟಿನದಾಗಿರಬೇಕು, ಬೋಲ್ಟಿನಿಂದ ಬಿಗಿಯುವಂಥದ್ದಾಗಿರಬೇಕು, ಹೊಂದಿಸಲು ಉದ್ದ ತೂತು ಇರಬೇಕು. ಮುಖ್ಯವಾಗಿ ಅದು ಗಾರ್ಡಿಗೆ ಅಂಟಿಕೊಳ್ಳದೆ ಗಾಡಿಯ ಚೌಕಟ್ಟಿಗೇ ಕೂರಬೇಕು. ಗಾರ್ಡಿಗೆ ಕಟ್ಟಿದರೆ ಕಲ್ಲುಕಂಬಕ್ಕೆ ಒಮ್ಮೆ ಸವರಿದ್ದಕ್ಕೇ ರಾಡಾರಿನ ದಿಕ್ಕು ಬದಲಾಗುತ್ತದೆ. ಗಾಡಿಯ ಮೇಲೆ ವೆಲ್ಡಿಂಗ್ ಮಾಡುವುದಿದ್ದರೆ ಮೊದಲು ಬ್ಯಾಟರಿ ಬಿಚ್ಚಿ, ರಾಡಾರನ್ನು ಹೊರಗೆ ತೆಗೆದಿಡಬೇಕು.

ಮೇಲೆ ಕೆಳಗಿನ ಓರೆಯನ್ನು ರಸಮಟ್ಟ ಇಟ್ಟು ಹಿಡಿಯಬಹುದು. ಅಲ್ಲೂ ಒಂದು ತೊಡಕಿದೆ. ಥಾರ್ ರಾಕ್ಸ್‌ನ ಮುಂದಿನ, ಹಿಂದಿನ ಚಕ್ರಗಳ ನಡುವೆ 2.85 ಮೀಟರ್. ಹಿಂದೆ ನಾಲ್ಕು ಮೂಟೆ ಹೇರಿ ಹಿಂಭಾಗ 5 ಸೆಂಟಿಮೀಟರ್ ಕುಗ್ಗಿದರೆ ಮೂತಿ ಒಂದು ಡಿಗ್ರಿ ಮೇಲೇಳುತ್ತದೆ. ಆದ್ದರಿಂದ ಗಾಡಿ ಖಾಲಿ ಇರುವಾಗ, ಟೈರುಗಳಲ್ಲಿ ಸರಿಯಾದ ಗಾಳಿ ಇಟ್ಟು, ಸಮ ನೆಲದ ಮೇಲೆ ಅಳೆಯಬೇಕು. ಎಡ ಬಲದ ಓರೆಗೆ ರಸಮಟ್ಟ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಬೇಕಾದದ್ದು ಹಿಂದಿನ ಚಕ್ರಗಳು ಗಾಡಿಯನ್ನು ತಳ್ಳುವ ನೇರ. ಅದಕ್ಕಾಗಿಯೇ ಮೊದಲು ವೀಲ್ ಅಲೈನ್‌ಮೆಂಟ್, ಆಮೇಲೆ ರಾಡಾರ್ ಕ್ಯಾಲಿಬ್ರೇಷನ್. ಇದರಲ್ಲಿ ಎರಡು ಬಗೆ. ಗಾಡಿಯ ಮುಂದೆ ಅಳತೆಯ ದೂರದಲ್ಲಿ ಗುರಿಫಲಕ ನಿಲ್ಲಿಸಿ ಸ್ಕ್ಯಾನರಿನಿಂದ ಹೊಂದಿಸುವುದು ಒಂದು. ಸ್ಕ್ಯಾನರ್ ಜೋಡಿಸಿಕೊಂಡು ಒಳ್ಳೆಯ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸುತ್ತ ರಾಡಾರ್ ತಾನೇ ತನ್ನ ನೇರ ಕಂಡುಕೊಳ್ಳುವಂತೆ ಮಾಡುವುದು ಇನ್ನೊಂದು. ಯಾವ ಗಾಡಿಗೆ ಯಾವುದು ಎಂಬುದನ್ನು ತಯಾರಕರು ಗೊತ್ತುಮಾಡಿರುತ್ತಾರೆ. ಓಡಿಸಿ ಹೊಂದಿಸುವ ಕೆಲಸಕ್ಕೆ ಮಂಡ್ಯ ದಾಟಿ ಗಣಂಗೂರು ಟೋಲ್‌ವರೆಗಿನ ಹೆದ್ದಾರಿಗಿಂತ ಒಳ್ಳೆಯ ಜಾಗ ಈ ಭಾಗದಲ್ಲಿ ಸಿಗಲಾರದು.

ರಾಡಾರಿನ ಮುಂದೆ ಏನಿರಬಾರದು ಎಂಬುದನ್ನೂ ಹೇಳಬೇಕು. ಕಬ್ಬಿಣದ ಪೈಪು ನೋಟದ ಅಂಚಿಗೆ ಬಂದರೂ ಅಲೆ ಅದಕ್ಕೆ ತಾಗಿ ಅಡ್ಡಾದಿಡ್ಡಿ ಚದುರುತ್ತದೆ. ಲೋಹದ ಕಣಗಳಿರುವ ಬಣ್ಣ, ಬಂಪರಿಗೆ ಮೆತ್ತಿದ ಪಟ್ಟಿ, ಹೊಳೆಯುವ ಸ್ಟಿಕ್ಕರ್, ನಂಬರ್ ಪ್ಲೇಟ್ ಎಲ್ಲವೂ ತೊಂದರೆಯೇ. ಮಳೆಗಾಲದ ಒದ್ದೆ ಕೆಸರು ಅಲೆಯನ್ನು ಹೀರಿಬಿಡುತ್ತದೆ. ಆಯುಧಪೂಜೆಯ ದಿನ ಮೂತಿಗೆ ಅಡ್ಡಲಾಗಿ ಸೇವಂತಿಗೆ ಹಾರ ಬಿಟ್ಟು, ಪಕ್ಕಕ್ಕೆ ಬಾಳೆಕಂದು ಕಟ್ಟಿ ಹೊರಟರೂ ಅಷ್ಟೇ, ನೀರು ತುಂಬಿದ ಹೂವೆಲೆ ರಾಡಾರಿನ ಕಣ್ಣು ಕಟ್ಟುತ್ತದೆ. ಪೂಜೆ ಮುಗಿದ ಮೇಲೆ ಹಾರವನ್ನು ಬಾನೆಟ್ಟಿನ ಮೇಲಕ್ಕೆ ಎತ್ತಿ ಕಟ್ಟಿ.

ಗಾಡಿಗೆ ರಾಡಾರ್ ಬರುವ ಮೊದಲೇ ಕ್ರೂಸ್ ಕಂಟ್ರೋಲ್ ಇತ್ತು. ವೇಗವನ್ನು ಒಂದೇ ಸಮ ಹಿಡಿದಿಡುವ ಆ ಉಪಕರಣವನ್ನು ಕಂಡುಹಿಡಿದವರು ಐದನೇ ವಯಸ್ಸಿಗೇ ಕಣ್ಣು ಕಳೆದುಕೊಂಡಿದ್ದ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರ ಕ್ರೈಸ್ಲರ್ ಕಾರಿನಲ್ಲಿ ಅದು ಬಂತು. ಗಾಡಿಯ ವೇಗ ಜಗ್ಗಾಡುವುದನ್ನು ಮೈಯಿಂದಲೇ ಅರಿತ ಮನುಷ್ಯ ಅವರು. ಮುಂದಿನ ಗಾಡಿಯನ್ನು ನೋಡಬಲ್ಲ ರಾಡಾರ್ ಇದಕ್ಕೆ ಸೇರಿದ್ದು 1990ರ ದಶಕದ ಕೊನೆಗೆ, ಮರ್ಸಿಡಿಸ್ ಎಸ್ ಕ್ಲಾಸ್‌ನಲ್ಲಿ.

ನೋಡಬಲ್ಲದು ನಿಜ, ಆದರೆ ಎಲ್ಲವನ್ನೂ ನೋಡುವುದಿಲ್ಲ. ಮೇಲ್ಸೇತುವೆ, ಸೂಚನಾ ಫಲಕ, ಚರಂಡಿಯ ಕಬ್ಬಿಣದ ಮುಚ್ಚಳ ಎಲ್ಲದರಿಂದಲೂ ಅಲೆ ಹಿಂದಿರುಗುವುದರಿಂದ, ನಿಂತ ವಸ್ತುಗಳ ಪ್ರತಿಧ್ವನಿಯನ್ನು ಈ ವ್ಯವಸ್ಥೆ ಬಹುಮಟ್ಟಿಗೆ ಪಕ್ಕಕ್ಕಿಡುತ್ತದೆ. ಇಲ್ಲದಿದ್ದರೆ ಗಾಡಿ ಸುಮ್ಮಸುಮ್ಮನೆ ಬ್ರೇಕ್ ಹಾಕುತ್ತಿರುತ್ತದೆ. ಮಾಕವಳ್ಳಿ ಕಾರ್ಖಾನೆಗೆ ಕಬ್ಬು ಹೊತ್ತು ಹೊರಟು, ಹಿಂದಿನ ದೀಪವಿಲ್ಲದೆ ರಸ್ತೆಯಲ್ಲೇ ಕೆಟ್ಟು ನಿಂತ ಟ್ರ್ಯಾಕ್ಟರನ್ನು ಅದು ಹಿಡಿದೇ ತೀರುತ್ತದೆ ಎಂಬ ಭರವಸೆ ಬೇಡ. ತಿರುವಿನಲ್ಲಿ ಮುಂದಿನ ಗಾಡಿ ನೋಟದಿಂದ ಜಾರಿದರೆ, ದಾರಿ ತೆರವಾಯಿತೆಂದು ಬಗೆದು ವೇಗ ಏರಿಸುವುದೂ ಇದೆ. ವಿಶ್ವೇಶ್ವರಯ್ಯ ನಾಲೆಯ ಪಕ್ಕದ ರಸ್ತೆಗಳಲ್ಲಿ ಅದು ಎಂಥ ಅಪಾಯ ಎಂದು ಬಿಡಿಸಿ ಹೇಳಬೇಕಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಉರುಳಿ 30 ಜನ ಸತ್ತದ್ದನ್ನು ಈ ಸೀಮೆ ಮರೆತಿಲ್ಲ. ಅಂಥ ರಸ್ತೆಯಲ್ಲಿ ಕ್ರೂಸ್ ಒತ್ತಲೇಬಾರದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಈ ಉಪಕರಣಕ್ಕೆ ತಕ್ಕ ಜಾಗ ಅದು. ಶ್ರೀರಂಗಪಟ್ಟಣದ ಬಳಿ ಕೆಳಗಿಳಿದ ಕೂಡಲೇ ಆಫ್ ಮಾಡಿ.

ಇಷ್ಟೆಲ್ಲ ಮಾಡಿ ಉಕ್ಕಿನ ಗಾರ್ಡ್ ಹಾಕಿಸಬೇಕೇ ಎಂದರೆ ಬೇಡ ಎಂಬುದೇ ನನ್ನ ಮಾತು. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಕ್ರಾಶ್ ಗಾರ್ಡ್, ಬುಲ್ ಬಾರ್‌ಗಳು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ ಎಂದು ರಾಜ್ಯಗಳಿಗೆ ಬರೆಯಿತು. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ, ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಕಾನೂನು ಹಾಗಿರಲಿ, ಡಿಕ್ಕಿಯ ಪೆಟ್ಟನ್ನು ಮಡಚಿಕೊಂಡು ತಿನ್ನಬೇಕಾದ ಭಾಗದ ಮುಂದೆ ಮಡಚದ ಉಕ್ಕು ನಿಂತರೆ ಪೆಟ್ಟು ನೇರವಾಗಿ ಚಾಸಿಗೆ, ಅಲ್ಲಿಂದ ಒಳಗಿರುವವರಿಗೆ. ಎದುರಿಗೆ ನಡೆದು ಬರುತ್ತಿರುವವರ ಪಾಡಂತೂ ಇನ್ನೂ ಕಷ್ಟ. ಗಾರ್ಡ್ ಹಾಕಿಸಿರುವವರು ತೆಗೆಸಿ, ರಾಡಾರನ್ನು ಕಂಪನಿಯ ಬ್ರಾಕೆಟ್ಟಿಗೇ ವಾಪಸ್ ಕೂರಿಸಿ ಕ್ಯಾಲಿಬ್ರೇಷನ್ ಮಾಡಿಸಿಕೊಳ್ಳಲಿ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಗಾರ್ಡ್ ಬಿಚ್ಚಿ, ಬಂಪರ್ ಹೊಳಪು ಮಾಡಿ ನಿಲ್ಲಿಸಿರುತ್ತಾರೆ. ಕೆಳಗಿನಿಂದ ಟಾರ್ಚ್ ಹಾಕಿ ನೋಡಿ: ಚಾಸಿಯ ತುದಿಯಲ್ಲಿ ಹೊಸ ತೂತುಗಳಿವೆಯೇ, ರಾಡಾರಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗೀರಿದ ಗುರುತಿದೆಯೇ, ಯಾವುದಾದರೂ ಬೋಲ್ಟಿಗೆ ಒಂದು ವಾಷರ್ ಹೆಚ್ಚಾಗಿದೆಯೇ. ಆಮೇಲೆ ಹೆದ್ದಾರಿಗೆ ಒಯ್ದು, ನಡುವಿನ ಲೇನಿನಲ್ಲಿ 80ಕ್ಕೆ ಕ್ರೂಸ್ ಇಟ್ಟು, ಎಡ ಲೇನಿನಲ್ಲಿ ನಿಧಾನವಾಗಿ ಹೋಗುತ್ತಿರುವ ಲಾರಿಯನ್ನು ದಾಟಿ. ಎದುರು ಯಾರೂ ಇಲ್ಲದಿದ್ದರೂ ಗಾಡಿ ಬ್ರೇಕ್ ಹಿಡಿದರೆ ರಾಡಾರ್ ಎಡಕ್ಕೆ ವಾಲಿದೆಯೇ ಎಂದು ಅನುಮಾನಿಸಿ. ನೇರ ರಸ್ತೆಯಲ್ಲಿ ನಿಮ್ಮ ಲೇನಿನಲ್ಲೇ ಮುಂದೆ ಹೋಗುತ್ತಿರುವ ಕಾರಿನ ಚಿತ್ರ ಮೀಟರಿನಲ್ಲಿ ಬಂದು ಬಂದು ಮಾಯವಾದರೂ ಅದೇ ಅನುಮಾನ. ಪರೀಕ್ಷೆ ಮುಗಿಯುವವರೆಗೆ ಪಾದ ಬ್ರೇಕಿನ ಬಳಿಯೇ ಇರಲಿ, ಕ್ಯಾಲಿಬ್ರೇಷನ್ ರಿಪೋರ್ಟ್ ಕೈಗೆ ಬರುವ ತನಕ ಮುಂಗಡ ಕೊಡಬೇಡಿ.