ಸಂದರ್ಶನ ಶಾಸ್ತ್ರ: ಒಂದು ಗ್ರಂಥವಿಮರ್ಶೆ

ಯಾವ ಶಾಸ್ತ್ರಗ್ರಂಥವನ್ನು ಕೈಗೆತ್ತಿಕೊಂಡರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲು ವಿಚಾರಿಸತಕ್ಕದ್ದು ನಮ್ಮ ಪಾಠಶಾಲೆಗಳ ಸಂಪ್ರದಾಯ. ಗೇಲ್ ಲಾಕ್‌ಮನ್ ಮೆಕ್‌ಡೊವೆಲ್ ಎಂಬ ಅಮೆರಿಕದ ಲೇಖಕಿಯು ರಚಿಸಿರುವ 'ಕ್ರ್ಯಾಕಿಂಗ್ ದಿ ಕೋಡಿಂಗ್ ಇಂಟರ್‌ವ್ಯೂ' ಎಂಬ ಗ್ರಂಥವನ್ನು ಈ ಕ್ರಮದಿಂದಲೇ ಪರಿಶೀಲಿಸುವುದು ಉಚಿತವೆಂದು ತೋರುತ್ತದೆ. ಇದು ಕಾವ್ಯವೂ ಅಲ್ಲ, ನಾಟಕವೂ ಅಲ್ಲ. ಸಾಹಿತ್ಯ ಪತ್ರಿಕೆಯಲ್ಲಿ ಇದಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ಆದರೆ ಬೆಂಗಳೂರಿಗೆ ಉದ್ಯೋಗಾರ್ಥಿಗಳಾಗಿ ಹೊರಟ ಮಕ್ಕಳಿರುವ ಅನೇಕ ಮನೆಗಳಲ್ಲಿ ಭಾರತ ರಾಮಾಯಣಗಳಿಗಿಂತ ಹೆಚ್ಚಿನ ಶ್ರದ್ಧೆಯಿಂದ ಪಾರಾಯಣವಾಗುತ್ತಿರುವುದು ಇಂಥ ಗ್ರಂಥವೇ ಎಂದರೆ ಅತಿಶಯೋಕ್ತಿಯಾಗಲಾರದು. ಹಿರಿಯರು ಇದರ ರಟ್ಟನ್ನಷ್ಟೇ ನೋಡಿ ಸುಮ್ಮನಿರುವುದು ಯುಕ್ತವಲ್ಲ.

ವಿಷಯವನ್ನು ಮೊದಲು ನೋಡೋಣ. ಗೂಗಲ್, ಮೈಕ್ರೊಸಾಫ್ಟ್, ಆಪಲ್ ಸಂಸ್ಥೆಗಳಲ್ಲಿ ಕೆಲಸ ಮಾಡಿದ ಈ ಲೇಖಕಿಯು 2008ರಲ್ಲಿ ಮೊದಲು ಪ್ರಕಟಿಸಿದ ಗ್ರಂಥದ ಆರನೆಯ ಆವೃತ್ತಿಯು 2015ರಲ್ಲಿ ಹೊರಬಂದಿತು. ಅದರಲ್ಲಿ 189 ಪ್ರಶ್ನೆಗಳೂ ಅವುಗಳ ಪರಿಹಾರಗಳೂ ಇವೆ. ಪ್ರಶ್ನೆಗಳ ಜಾತಿಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸಾವಿರ ಸಂಖ್ಯೆಗಳ ಪಟ್ಟಿಯೊಂದಿದೆ. ಯಾವ ಎರಡು ಸಂಖ್ಯೆಗಳನ್ನು ಕೂಡಿದರೆ ನಿರ್ದಿಷ್ಟ ಮೊತ್ತವು ಬರುವುದೆಂದು ಕಂಡುಹಿಡಿಯಬೇಕು. ಪ್ರತಿಯೊಂದು ಜೊತೆಯನ್ನೂ ಕೂಡಿ ನೋಡುವವನು 4,99,500 ಜೊತೆಗಳನ್ನು ಪರೀಕ್ಷಿಸಬೇಕಾದೀತು. ಕಂಡ ಸಂಖ್ಯೆಗಳನ್ನು ಒಂದು ಕೋಷ್ಟಕದಲ್ಲಿ ಗುರುತಿಟ್ಟುಕೊಳ್ಳುತ್ತ, ಮುಂದಿನ ಸಂಖ್ಯೆಗೆ ಬೇಕಾದ ಜೊತೆಯು ಅದರಲ್ಲಿದೆಯೇ ಎಂದು ನೋಡುತ್ತ ಹೋಗುವವನಿಗೆ ಪಟ್ಟಿಯನ್ನು ಒಂದಾವರ್ತಿ ಓದಿದರೆ ಸಾಕು. ಇಂಥ ಲಾಘವವನ್ನು ಅಪರಿಚಿತನಾದ ಪರೀಕ್ಷಕನೆದುರು ಮುಕ್ಕಾಲು ಗಂಟೆಯೊಳಗೆ ಕಂಡುಹಿಡಿದು, ಬಿಳಿಯ ಹಲಗೆಯ ಮೇಲೋ ಗಣಕದ ತೆರೆಯ ಮೇಲೋ ಬರೆದು, ಬರೆಯುತ್ತಲೇ ಬಾಯಿಬಿಟ್ಟು ವಿವರಿಸಬೇಕು. ಇಂಥ ನಾಲ್ಕೈದು ಸುತ್ತುಗಳು ಕಳೆದ ಬಳಿಕವೇ ನಿರ್ಣಯ.

ಪ್ರಯೋಜನವು ಉದ್ಯೋಗಲಾಭವೆಂಬುದು ಸ್ಪಷ್ಟವಾಗಿದೆ. ಈ ದೃಷ್ಟಿಯಿಂದ ಗ್ರಂಥವು ಶ್ಲಾಘ್ಯವಾದುದು. ಪ್ರಶ್ನೆಯನ್ನು ಗಮನವಿಟ್ಟು ಕೇಳುವುದು, ಉದಾಹರಣೆಯನ್ನು ಬರೆದುಕೊಳ್ಳುವುದು, ಮೊದಲು ಸ್ಥೂಲವಾದ ಪರಿಹಾರವನ್ನು ಹೇಳುವುದು, ಬಳಿಕ ಅದನ್ನು ಸಂಸ್ಕರಿಸುವುದು, ಬರೆದುದನ್ನು ಕಡೆಯಲ್ಲಿ ತಾನೇ ಪರೀಕ್ಷಿಸುವುದು ಎಂಬಿವೇ ಮೊದಲಾದ ಕ್ರಮವನ್ನು ಲೇಖಕಿಯು ಬೋಧಿಸಿರುವರು. ಸುಳುಹುಗಳನ್ನು ಪರಿಹಾರಗಳಿಂದ ಬೇರ್ಪಡಿಸಿ ಕೊಟ್ಟಿರುವುದು ಒಳ್ಳೆಯ ಉಪಾಧ್ಯಾಯರ ಲಕ್ಷಣ. ಉತ್ತರವನ್ನು ಒಮ್ಮೆಲೇ ಹೇಳಿಬಿಡುವವನು ಶಿಷ್ಯನ ಬುದ್ಧಿಯನ್ನು ಬೆಳೆಸಲಾರನು. ಇದು ಬರಿಯ ಕಂಠಪಾಠವೆಂದು ಹಳಿಯುವವರಿಗೆ ನಮ್ಮ ಸಮ್ಮತಿಯಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದವರು ಕಂಠಪಾಠವನ್ನು ನಿಂದಿಸುವುದು ಹೇಗೆ?

ಆದರೆ ಸಂಬಂಧದ ವಿಚಾರಕ್ಕೆ ಬಂದಾಗ ಮಾತು ಬೇರೆಯಾಗುತ್ತದೆ. ಈ ಪರೀಕ್ಷೆಗೂ ಮುಂದೆ ಮಾಡತಕ್ಕ ಕೆಲಸಕ್ಕೂ ಇರುವ ನಂಟು ಎಷ್ಟು? ಅಮರವನ್ನು ಕಲಿತವನಿಗೆ ಅದು ಕಾವ್ಯವನ್ನೋದುವಾಗ ದಿನದಿನವೂ ಒದಗುತ್ತದೆ. ತಂತ್ರಾಂಶ ರಚಿಸುವವನ ದಿನಚರಿಯಾದರೋ ಬಹುಮಟ್ಟಿಗೆ ಇತರರು ಬರೆದುದನ್ನು ಓದುವುದು, ದೋಷವನ್ನು ಹುಡುಕುವುದು, ಜೊತೆಗಾರರೊಡನೆ ಸಮಾಲೋಚಿಸುವುದು. ತಾರ್ಕಿಕರು ಲಕ್ಷಣಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿ ಎಂಬ ದೋಷಗಳನ್ನು ಹೇಳುವರು. ಅಯೋಗ್ಯನೂ ತೇರ್ಗಡೆಯಾದರೆ ಅತಿವ್ಯಾಪ್ತಿ. ಯೋಗ್ಯನೇ ಹೊರಗುಳಿದರೆ ಅವ್ಯಾಪ್ತಿ. ಸಂಸ್ಥೆಗಳು ಮೊದಲನೆಯದಕ್ಕೆ ಅಂಜಿ ಎರಡನೆಯದನ್ನು ಸಹಿಸಿಕೊಳ್ಳುತ್ತವೆಂಬುದನ್ನು ಲೇಖಕಿಯೇ ಮುಚ್ಚುಮರೆಯಿಲ್ಲದೆ ಒಪ್ಪಿರುವರು. ಅವರ ಪ್ರಾಮಾಣಿಕತೆಯು ಮೆಚ್ಚತಕ್ಕದ್ದೇ. ಆದರೆ ಸಂಸ್ಥೆಗೆ ಅವ್ಯಾಪ್ತಿಯಿಂದ ಆಗುವ ನಷ್ಟವು ಅಲ್ಪ, ಬಾಗಿಲಲ್ಲಿ ನಿಂತ ಇನ್ನೊಬ್ಬನು ಒಳಗೆ ಬರುತ್ತಾನೆ. ತಿರಸ್ಕೃತನಾದವನಿಗಾದರೋ ಅದು ತನ್ನ ಬುದ್ಧಿಯ ಮೇಲೆಯೇ ಬರೆದ ತೀರ್ಪಿನಂತೆ ಕಾಣುತ್ತದೆ.

ಆ ತೀರ್ಪು ಎಷ್ಟು ವಿಶ್ವಾಸಾರ್ಹ? ಉತ್ತರ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾನಿಲಯದ ಮತ್ತು ಮೈಕ್ರೊಸಾಫ್ಟ್ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. 48 ಮಂದಿ ವಿದ್ಯಾರ್ಥಿಗಳಲ್ಲಿ ಕೆಲವರು ಏಕಾಂತದ ಕೊಠಡಿಯಲ್ಲಿಯೂ ಉಳಿದವರು ಪರೀಕ್ಷಕನೆದುರು ಮಾತನಾಡುತ್ತಲೂ ಸಮಸ್ಯೆಯನ್ನು ಬಿಡಿಸಿದರು. ಪರೀಕ್ಷಕನ ದೃಷ್ಟಿಯು ಮೇಲೆ ಬಿದ್ದವರ ಸಾಧನೆಯು ಅರ್ಧಕ್ಕಿಂತ ಹೆಚ್ಚಾಗಿ ಕುಗ್ಗಿತು. ಹಾಗಾದರೆ ಅಳೆಯಲ್ಪಟ್ಟದ್ದು ಬುದ್ಧಿಯೋ, ಎದೆಗಾರಿಕೆಯೋ? ಅವಧಾನಿಗೆ ಸಭಾಧೈರ್ಯವು ವಿದ್ಯೆಯ ಅಂಗ, ಏಕೆಂದರೆ ಸಭೆಯೇ ಅವನ ಕಾರ್ಯಕ್ಷೇತ್ರ. ಮೇಜಿನ ಮುಂದೆ ಮೌನವಾಗಿ ಕುಳಿತು ಯೋಚಿಸತಕ್ಕವನನ್ನು ಅದೇ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

ಪೂರ್ವಪಕ್ಷವನ್ನೂ ಹೇಳದೆ ಬಿಡಬಾರದು. ಸಾವಿರಾರು ಅರ್ಜಿಗಳಲ್ಲಿ ಕೆಲವರನ್ನು ಆರಿಸತಕ್ಕವರಿಗೆ ಎಲ್ಲರಿಗೂ ಸಮಾನವಾದ ಒಂದು ಒರೆಗಲ್ಲು ಬೇಕು. ಶಿಫಾರಸು ಪತ್ರವಿಲ್ಲದ, ದೊಡ್ಡವರ ಪರಿಚಯವಿಲ್ಲದ ಹಳ್ಳಿಯ ಹುಡುಗಿಯೂ ಪ್ರಶ್ನೆಯೊಂದನ್ನು ಸರಿಯಾಗಿ ಬಿಡಿಸಿ ಒಳಗೆ ಹೋಗಬಹುದು. ಇದು ಸಣ್ಣ ಗುಣವಲ್ಲ. ಆದರೆ ಇಲ್ಲಿಯೇ ಅಧಿಕಾರಿಯ ಪ್ರಶ್ನೆಯು ಏಳುತ್ತದೆ. ತಿಂಗಳುಗಟ್ಟಲೆ ಬಿಡುವಿದ್ದು ಅಭ್ಯಾಸ ಮಾಡಬಲ್ಲವನೇ ಈ ಶಾಸ್ತ್ರಕ್ಕೆ ಅಧಿಕಾರಿ. ಹಗಲು ದುಡಿದು ರಾತ್ರಿ ಮನೆಯವರ ಶುಶ್ರೂಷೆ ಮಾಡುವವಳಿಗೆ ಆ ಬಿಡುವೆಲ್ಲಿ? ಬಾಗಿಲು ಎಲ್ಲರಿಗೂ ತೆರೆದಿದ್ದರೂ ಮೆಟ್ಟಿಲು ಎಲ್ಲರಿಗೂ ಸಮನಾಗಿಲ್ಲ.

1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ಅಮಾತ್ಯರ ಆಯ್ಕೆಯ ವಿಚಾರವುಂಟು. ಸಹಪಾಠಿಯನ್ನೇ ಆರಿಸು, ಕುಲಕ್ರಮಾಗತನನ್ನೇ ಆರಿಸು ಎಂಬ ನಾನಾ ಮತಗಳನ್ನು ಹೇಳಿ, ಕೊನೆಯಲ್ಲಿ ಕೌಟಿಲ್ಯನು ಕಾರ್ಯಸಾಮರ್ಥ್ಯದಿಂದಲೇ ಪುರುಷನ ಸಾಮರ್ಥ್ಯವನ್ನು ಊಹಿಸಬೇಕೆಂದು ನಿರ್ಣಯಿಸುವನು. ಕೆಲಸದ ತುಣುಕೊಂದನ್ನೇ ಕೊಟ್ಟು, ಏಕಾಂತದಲ್ಲಿ ಮಾಡಗೊಟ್ಟು, ಬಳಿಕ ಅದನ್ನು ಕುರಿತು ಸಂಭಾಷಿಸುವ ಪರೀಕ್ಷೆಯು ಈ ಮತಕ್ಕೆ ಹತ್ತಿರವಾದುದು. ದೊಡ್ಡ ಸಂಸ್ಥೆಗಳು ತಿದ್ದಿಕೊಳ್ಳಲಾರವೆಂದೇನೂ ಇಲ್ಲ. ವಿಮಾನದೊಳಗೆ ಎಷ್ಟು ಗಾಲ್ಫ್ ಚೆಂಡುಗಳು ಹಿಡಿಸುವವೆಂಬಂಥ ಒಗಟುಗಳು ವ್ಯರ್ಥವೆಂದು ಗೂಗಲ್ ಸಂಸ್ಥೆಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ ಅವರೇ 2013ರಲ್ಲಿ ಹೇಳಿದ್ದರು.

ಗ್ರಂಥವು ಉಪಾದೇಯ, ಪರೀಕ್ಷೆಯು ಸಂಸ್ಕಾರಾರ್ಹ ಎಂಬುದು ನಮ್ಮ ಅಭಿಪ್ರಾಯ. ಓದುವ ತರುಣರು ಉತ್ತರಗಳನ್ನು ಮಾತ್ರ ಬಾಯಿಪಾಠ ಮಾಡದೆ, ಸ್ನೇಹಿತನೊಬ್ಬನನ್ನು ಪೂರ್ವಪಕ್ಷಿಯಾಗಿ ಕೂರಿಸಿಕೊಂಡು ವಾಕ್ಯಾರ್ಥದ ರೀತಿಯಲ್ಲಿ ಗಟ್ಟಿಯಾಗಿ ವಾದಿಸಿ ಅಭ್ಯಾಸ ಮಾಡಲಿ. ಪರೀಕ್ಷಕನ ದೃಷ್ಟಿಯ ಭಯವು ಅದರಿಂದಲೇ ಕಡಿಮೆಯಾದೀತು. ಮನೆಯ ಹಿರಿಯರಿಗೆ ನಮ್ಮ ವಿಜ್ಞಾಪನೆ ಇಷ್ಟೇ: ಅವ್ಯಾಪ್ತಿದೋಷವಿರುವ ಲಕ್ಷಣವೊಂದು ಮಗುವನ್ನು ಹೊರಗಿಟ್ಟರೆ ದೋಷವನ್ನು ಲಕ್ಷಣದಲ್ಲಿಯೂ ಹುಡುಕಿರಿ. ಹದಿನಾರು ವರ್ಷಗಳ ವಿದ್ಯೆಗೆ ಮುಕ್ಕಾಲು ಗಂಟೆಯ ತೀರ್ಪು ಅಂತಿಮವೆಂದು ಮನೆಯಲ್ಲಿಯೂ ಒಪ್ಪಿಬಿಟ್ಟರೆ, ಆ ಮಗುವಿಗೆ ಮೇಲ್ಮನವಿ ಸಲ್ಲಿಸಲು ಬೇರೆ ನ್ಯಾಯಸ್ಥಾನವಿಲ್ಲ.