ಹಿಟ್ಟಿನ ಕೋಳಿಯೂ ಗಣಿಯ ಯಂತ್ರವೂ: ಒಂದು ವಿಡಿಯೋ ಆಟದ ಪರಾಮರ್ಶೆ

ಜೀವವಿಲ್ಲದ ವಸ್ತುವನ್ನು ಹೊಡೆದರೆ ಹಿಂಸೆಯಾಗುತ್ತದೆಯೇ? ಜೈನ ಕುಟುಂಬಗಳಿಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಇಂದು ಅದನ್ನು ನಮ್ಮ ಮುಂದಿಡುತ್ತಿರುವವರು ಶಾಸ್ತ್ರಾಭ್ಯಾಸಿಗಳಲ್ಲ, ಕಂಪ್ಯೂಟರಿನ ಮುಂದೆ ಕುಳಿತ ನಮ್ಮ ಮಕ್ಕಳು. ಬಸದಿಯಿಂದ ಹಿಂದಿರುಗಿದ ಹಿರಿಯರು ಪರದೆಯ ಮೇಲಿನ ಬೆಂಕಿ, ಸ್ಫೋಟಗಳನ್ನು ಕಂಡು ಗದರಿದರೆ, "ಅಜ್ಜಿ, ಅದು ಬರೀ ಮಿಷನ್ನು, ಅದಕ್ಕೆ ಪ್ರಾಣ ಇಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಮನೆಗಳಿಗೂ ಈ ಮಾತು ದೂರದ್ದಲ್ಲ. ಈ ಉತ್ತರವನ್ನು ಉಡಾಫೆಯೆಂದು ತಳ್ಳಿಹಾಕದೆ ಪರೀಕ್ಷಿಸುವುದು ಉಚಿತ. ಅಂಥ ಪರೀಕ್ಷೆಗೆ 'ಡಿಸೆಂಟ್' ಎಂಬ ಆಟಕ್ಕಿಂತ ತಕ್ಕ ನಿದರ್ಶನ ದೊರೆಯದು.

ಮೈಕ್ ಕುಲಾಸ್ ಮತ್ತು ಮ್ಯಾಟ್ ಟಾಶ್ಲಾಗ್ ಎಂಬ ಇಬ್ಬರು ಸ್ಥಾಪಿಸಿದ ಅಮೆರಿಕದ ಪ್ಯಾರಲಾಕ್ಸ್ ಸಾಫ್ಟ್‌ವೇರ್ ಸಂಸ್ಥೆಯು ಈ ಆಟವನ್ನು ರಚಿಸಿತು. ಇಂಟರ್‌ಪ್ಲೇ ಸಂಸ್ಥೆಯು 1995ರಲ್ಲಿ ಪ್ರಕಟಿಸಿತು. ಇದರ ಎರಡನೆಯ ಭಾಗ 1996ರಲ್ಲಿ, ಮೂರನೆಯದು 1999ರಲ್ಲಿ ಬಂದವು. ಅದೇ ಇಬ್ಬರು ಸ್ಥಾಪಕರು ಮತ್ತೆ ಕೂಡಿ 2018ರಲ್ಲಿ 'ಓವರ್‌ಲೋಡ್' ಎಂಬ ಹೆಸರಿನಲ್ಲಿ ಅದೇ ಬಗೆಯ ಇನ್ನೊಂದು ಆಟವನ್ನು ಹೊರತಂದರು. ಆದುದರಿಂದ ಇದು ಬಂದು ಹೋದ ಆಟಿಕೆಯಲ್ಲ. ಎರಡು ದಶಕಗಳಿಗೂ ಮೀರಿ ಬೆಳೆದುಬಂದ ಒಂದು ಪರಂಪರೆ.

ಆಟದ ಕಥೆ ಸರಳವಾಗಿದೆ. ಭವಿಷ್ಯದ ಒಂದು ಕಾಲದಲ್ಲಿ ದೊಡ್ಡ ಗಣಿ ಕಂಪನಿಯೊಂದು ಚಂದ್ರನಿಂದ ಮೊದಲ್ಗೊಂಡು ಸೌರವ್ಯೂಹದ ಅಂಚಿನವರೆಗೆ ಗಣಿಗಳನ್ನು ತೋಡಿದೆ. ಅಲ್ಲಿ ದುಡಿಯುವ ಯಂತ್ರಮಾನವರಿಗೆ ವೈರಸ್ ತಗುಲಿ, ಅವು ಕೆಲಸಗಾರರನ್ನು ಸೆರೆಹಿಡಿದಿವೆ. ಕಂಪನಿಯು ಕೂಲಿಗೆ ಒಬ್ಬ ಯೋಧನನ್ನು ಗೊತ್ತುಮಾಡಿಕೊಳ್ಳುತ್ತದೆ. ಆಡುವವನೇ ಆ ಯೋಧ. ಪುಟ್ಟ ಆಕಾಶನೌಕೆಯಲ್ಲಿ ಕುಳಿತು ಒಂದೊಂದೇ ಗಣಿಯನ್ನು ಹೊಕ್ಕು, ನೀಲಿ, ಹಳದಿ, ಕೆಂಪು ಬಣ್ಣದ ಕೀಲಿಗಳನ್ನು ಹುಡುಕಿ ಬಾಗಿಲುಗಳನ್ನು ತೆರೆದು, ಗಣಿಯ ಒಡಲಲ್ಲಿರುವ ಪರಮಾಣು ಸ್ಥಾವರವನ್ನು ಸಿಡಿಸಿ, ಎಣಿಕೆ ಮುಗಿಯುವುದರೊಳಗೆ ಹೊರದಾರಿಯಿಂದ ಪಾರಾಗಬೇಕು. ಇಂಥ 27 ಹಂತಗಳೂ 3 ಗುಪ್ತ ಹಂತಗಳೂ ಇವೆ.

ಈ ಆಟದ ವಿಶೇಷ ಅದರ ಚಲನೆಯಲ್ಲಿದೆ. ನಮ್ಮ ತೆಂಗಿನ ತೋಟದಲ್ಲಿ ಸಾಲುಮರಗಳ ನಡುವೆ ನಡೆಯುವವನಿಗೆ ನೆಲ ಯಾವುದು, ಗರಿ ಯಾವುದು ಎಂಬ ಸಂಶಯ ಬರುವುದಿಲ್ಲ. ಅದೇ ತೋಟದಲ್ಲಿ ಒಬ್ಬನು ತೂಕವಿಲ್ಲದೆ ತೇಲುತ್ತ, ಬುಡದಿಂದ ಸುಳಿಗೆ ನೇರವಾಗಿ ಏರಬಲ್ಲವನೂ, ತಲೆಕೆಳಗಾಗಿ ಮರದಿಂದ ಮರಕ್ಕೆ ಸಾಗಬಲ್ಲವನೂ, ಮುಖವನ್ನು ಒಂದೆಡೆಗಿಟ್ಟು ಇನ್ನೊಂದೆಡೆಗೆ ಜಾರಬಲ್ಲವನೂ ಆದನೆಂದು ಭಾವಿಸಿರಿ. ಸ್ವಲ್ಪ ಹೊತ್ತಿನಲ್ಲಿ ಅವನಿಗೆ ಭೂಮಿ ಎಲ್ಲಿದೆಯೆಂಬುದೇ ಮರೆತುಹೋಗುತ್ತದೆ. 'ಡಿಸೆಂಟ್' ಆಡುವವನಿಗೆ ಆಗುವುದು ಇದೇ. ಸುರಂಗದ ಮಾಳಿಗೆಯೇ ನೆಲವಾಗುತ್ತದೆ, ಬಾವಿಯೇ ಓಣಿಯಾಗುತ್ತದೆ. ದಾರಿ ತಪ್ಪಿದಾಗ ಗೆರೆಗಳಲ್ಲಿ ಮೂಡುವ ನಕ್ಷೆಯೊಂದನ್ನು ತಿರುತಿರುಗಿಸಿ ನೋಡಬೇಕು. ಈ ದಿಗ್ಭ್ರಮೆಯನ್ನು ಗೆದ್ದು, ಕಣ್ಣಿಗೆ ಕಾಣದ ಜಾಗದ ಆಕಾರವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು ನಿಜವಾದ ಬುದ್ಧಿಶ್ರಮ. ಇದನ್ನು ಮೆಚ್ಚದೆ ಮುಂದೆ ಹೋದರೆ ನಮ್ಮ ವಿಮರ್ಶೆ ಏಕಪಕ್ಷೀಯವಾದೀತು. ಅದು ಅನೇಕಾಂತವನ್ನು ನಂಬುವವರಿಗೆ ಶೋಭಿಸದು.

ಇನ್ನೊಂದು ಗುಣವನ್ನೂ ಹೇಳಬೇಕು. 1993ರ 'ಡೂಮ್' ಮೊದಲಾದ ಆಟಗಳಲ್ಲಿ ಹೊಡೆತಕ್ಕೆ ಗುರಿಯಾಗುವ ದೇಹಗಳಿಂದ ರಕ್ತ ಹರಿಯುತ್ತದೆ. ಇಲ್ಲಿ ಆಡುವವನ ಗುಂಡಿಗೆ ಎದುರಾಗುವುದು ಲೋಹದ ಯಂತ್ರ. ಒಡೆದಾಗ ಕಿಡಿ ಹಾರುತ್ತದೆ, ರಕ್ತವಿಲ್ಲ, ಆರ್ತನಾದವಿಲ್ಲ. ಮಕ್ಕಳ ಉತ್ತರಕ್ಕೆ ಆಧಾರ ಇಲ್ಲಿದೆ.

ಆದರೆ ಕನ್ನಡ ಜೈನ ಸಾಹಿತ್ಯವು ಈ ಉತ್ತರವನ್ನು ಎಂಟುನೂರು ವರ್ಷಗಳ ಹಿಂದೆಯೇ ಎತ್ತಿಕೊಂಡು ವಿಚಾರಿಸಿದೆ. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯ ತಿರುಳು ಇದೇ ಅಲ್ಲವೇ? ತಾಯಿ ಚಂದ್ರಮತಿಯು ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಬಲಿ ಕೊಡೆಂದಾಗ ಯಶೋಧರನು ಒಪ್ಪಲಿಲ್ಲ. ಕಡೆಗೆ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಅಲ್ಲಿ ಪ್ರಾಣವಿರಲಿಲ್ಲ, ರಕ್ತವಿರಲಿಲ್ಲ. ಆದರೂ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ, ಕೊಲೆಗೀಡಾಗಿ ತೊಳಲಿದರು. ಸಂಕಲ್ಪವೇ ಹಿಂಸೆಯೆಂಬುದು ಆ ಕಾವ್ಯದ ನಿರ್ಣಯ. ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕದ ಮೂಲಕ ಈ ಪ್ರಶ್ನೆ ಆಧುನಿಕ ಪ್ರೇಕ್ಷಕರನ್ನೂ ಕಾಡಿತು.

ಹಾಗಾದರೆ ಗಣಿಯ ಯಂತ್ರವನ್ನು ಒಡೆದ ಹುಡುಗನೂ ಯಶೋಧರನಷ್ಟೇ ದೋಷಿಯೇ? ಅವಸರದಲ್ಲಿ ಹೌದೆನ್ನುವವರಿದ್ದಾರೆ. ಅದು ನ್ಯಾಯವಲ್ಲ. ಯಶೋಧರನ ಮುಂದಿದ್ದ ಹಿಟ್ಟು ಕೋಳಿಯ ರೂಪವನ್ನು ತಾಳಿತ್ತು. ನಿಜವಾದ ಕೋಳಿಯ ಸ್ಥಾನದಲ್ಲಿ, ಅದನ್ನು ಕೊಂದ ಫಲ ದೊರೆಯಲೆಂಬ ಬಯಕೆಯಿಂದಲೇ ಅದನ್ನು ಮಾಡಿಸಲಾಗಿತ್ತು. ಹುಡುಗನಾದರೋ ಯಂತ್ರವನ್ನು ಯಂತ್ರವೆಂದೇ ತಿಳಿದು ಹೊಡೆಯುತ್ತಾನೆ. ಅಲ್ಲದೆ ಕಥೆಯ ಪ್ರಕಾರ ಅವನ ಮೇಲೆ ಎರಗಿ ಬರುವುವು ಅವೇ. ನಮ್ಮ ಆಚಾರಶಾಸ್ತ್ರ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯಲ್ಲಿ ತರತಮವನ್ನು ಗುರುತಿಸುತ್ತದೆ. ಆ ತರತಮವನ್ನು ದೊಡ್ಡವರ ವ್ಯವಹಾರಕ್ಕೆ ಅನ್ವಯಿಸಿಕೊಂಡು, ಮಕ್ಕಳ ಆಟಕ್ಕೆ ಮಾತ್ರ ನಿರಾಕರಿಸುವುದು ಸಲ್ಲದು.

ಆದರೆ ವಿಚಾರ ಇಲ್ಲಿಗೆ ಮುಗಿಯುವುದಿಲ್ಲ. ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ತೋರಿಸಿಕೊಟ್ಟಂತೆ, ಕಷಾಯವಶನಾದವನು ಮೊದಲು ತನ್ನನ್ನೇ ಹಿಂಸಿಸಿಕೊಳ್ಳುತ್ತಾನೆ. ಅನ್ಯಜೀವಕ್ಕೆ ಪೆಟ್ಟು ಬೀಳುವುದು ಆಮೇಲಿನ ಮಾತು, ಅದು ಬೀಳಲೂಬಹುದು, ಬೀಳದೆಯೂ ಇರಬಹುದು. ಈ ಆಟದಲ್ಲಿಯೇ ಅದಕ್ಕೊಂದು ದೃಷ್ಟಾಂತವಿದೆ. 'ಫ್ಯೂಷನ್' ಎಂಬ ಆಯುಧವನ್ನು ಒತ್ತಿ ಹಿಡಿದಷ್ಟೂ ಅದರ ಶಕ್ತಿ ಹೆಚ್ಚುತ್ತದೆ. ಮಿತಿಮೀರಿ ಹಿಡಿದರೆ ಆಡುವವನ ನೌಕೆಯೇ ಘಾಸಿಗೊಳ್ಳುತ್ತದೆ. ರಚಿಸಿದವರು ಶಾಸ್ತ್ರವನ್ನು ನೆನೆದು ಹೀಗೆ ಮಾಡಿರಲಾರರು. ಆದರೂ ಕ್ರೋಧವನ್ನು ಎದೆಯಲ್ಲಿ ಹಿಡಿದಿಟ್ಟುಕೊಂಡವನ ಗತಿಯನ್ನು ಮಗುವಿಗೆ ವಿವರಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ಬೇಡ.

ಆದುದರಿಂದ ಪೆಟ್ಟು ಬಿದ್ದ ವಸ್ತುವಿಗೆ ಜೀವವಿತ್ತೇ ಎಂದು ಕೇಳಿ ಸುಮ್ಮನಾಗುವಂತಿಲ್ಲ. ಹೊಡೆದವನ ಮನಸ್ಸು ಯಾವ ಆನಂದದಲ್ಲಿ ನೆಲೆಸಿತ್ತು ಎಂಬುದನ್ನೂ ಕೇಳಬೇಕು. ರೌದ್ರಧ್ಯಾನದ ನಾಲ್ಕು ಭೇದಗಳಲ್ಲಿ ಮೊದಲನೆಯದಕ್ಕೆ ಹಿಂಸಾನಂದವೆಂದೇ ಹೆಸರು. 'ಡಿಸೆಂಟ್' ಆಟದಲ್ಲಿ ಎರಡು ಆನಂದಗಳು ಬೆರೆತಿವೆ. ದಾರಿ ಕಾಣದ ಸುರಂಗದಲ್ಲಿ ದಾರಿಯನ್ನು ಕಂಡುಕೊಂಡ ಆನಂದ ಒಂದು. ಎದುರಿಗಿದ್ದುದು ಚೂರಾದುದನ್ನು ಕಂಡ ಆನಂದ ಇನ್ನೊಂದು. ಮೊದಲನೆಯದು ಜ್ಞಾನದ ಜಾತಿಗೆ ಸೇರಿದ್ದು, ಎರಡನೆಯದು ಕಷಾಯದ ಜಾತಿಗೆ ಸೇರಿದ್ದು. ಇವೆರಡನ್ನೂ ಆಟವು ಬೇರ್ಪಡಿಸುವುದಿಲ್ಲ. ಅದನ್ನು ಬೇರ್ಪಡಿಸಿ ನೋಡುವ ಕಣ್ಣನ್ನು ಮಗುವಿಗೆ ಕೊಡಬೇಕಾದವರು ಮನೆಯ ಹಿರಿಯರು.

ಆಟದ ಲೆಕ್ಕಾಚಾರವನ್ನು ಗಮನಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಒಡೆದ ಪ್ರತಿಯೊಂದು ಯಂತ್ರಕ್ಕೂ ಅಂಕಗಳುಂಟು. ಸೆರೆಯಲ್ಲಿರುವ ಕೆಲಸಗಾರರನ್ನು ನೌಕೆಗೆ ಹತ್ತಿಸಿಕೊಂಡು ಹೊರತಂದರೂ ಅಂಕಗಳುಂಟು. ಆದರೆ ಸ್ಥಾವರವನ್ನು ಸಿಡಿಸದೆ ಸಾಮಾನ್ಯವಾಗಿ ಮುಂದಿನ ಹಂತವಿಲ್ಲ. ಕೆಲಸಗಾರರನ್ನು ಸ್ಫೋಟಕ್ಕೆ ಬಿಟ್ಟು ಒಬ್ಬನೇ ಪಾರಾದರೂ ಮುಂದಿನ ಹಂತವಿದೆ. ಅಂದರೆ ನಾಶವು ಕಡ್ಡಾಯ, ಅಭಯದಾನವು ಐಚ್ಛಿಕ! ಈ ಆಟದ ಮೇಲೆ ಹೊರಿಸಬಹುದಾದ ಅತ್ಯಂತ ಗಂಭೀರವಾದ ಆಕ್ಷೇಪ ಇದೇ ಎಂದು ನನ್ನ ಅಭಿಪ್ರಾಯ. ಯಂತ್ರಗಳನ್ನು ಒಡೆದದ್ದಕ್ಕಿಂತಲೂ, ಸಿಕ್ಕಿಬಿದ್ದವರನ್ನು ಮರೆತು ಹೊರಟರೂ ಆಟವು ಗೆಲುವೆಂದೇ ಕರೆಯುವುದು ಹೆಚ್ಚು ಚಿಂತಿಸತಕ್ಕ ವಿಷಯ. ಇನ್ನೊಂದು ಕಡೆಯಿಂದ ನೋಡಿದರೆ ಇಲ್ಲಿಯೇ ಒಂದು ಅವಕಾಶವೂ ಇದೆ. ಗಣಿಯಲ್ಲಿರುವ ಪ್ರತಿಯೊಂದು ಯಂತ್ರವನ್ನೂ ಒಡೆಯಲೇಬೇಕೆಂಬ ನಿಯಮವಿಲ್ಲ. ಎಷ್ಟೋ ಕಡೆ ಪಕ್ಕಕ್ಕೆ ಸರಿದು ಸಾಗಬಹುದು. ಎಲ್ಲ ಕೆಲಸಗಾರರನ್ನೂ ಕಾಪಾಡಿ, ಸಾಧ್ಯವಾದಷ್ಟು ಕಡಿಮೆ ಗುಂಡು ಹಾರಿಸಿ ಹೊರಬರುವವನು ನಿಜಕ್ಕೂ ಹೆಚ್ಚು ಕುಶಲ ಆಟಗಾರ.

ಸ್ಪರ್ಧೆಯನ್ನೇ ನಮ್ಮ ಧರ್ಮ ನಿಷೇಧಿಸಿಲ್ಲವೆಂಬುದನ್ನೂ ನೆನೆಯಬೇಕು. ಪಂಪನ 'ಆದಿಪುರಾಣ'ದಲ್ಲಿ ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾದಾಗ, ಸಾವಿರಾರು ಜೀವಗಳ ಹತ್ಯೆಯನ್ನು ತಪ್ಪಿಸಲೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಲಾಯಿತು. ಆ ಮೂರೂ ಒಂದು ಬಗೆಯ ಪಂದ್ಯಗಳೇ. ಬಾಹುಬಲಿಯ ಹಿರಿಮೆ ಗೆದ್ದುದರಲ್ಲಿ ಮಾತ್ರವಿಲ್ಲ, ಗೆದ್ದ ಮೇಲೆ ಬಿಟ್ಟುದರಲ್ಲಿದೆ. ನಮ್ಮ ಸೀಮೆಗೆ ಅಷ್ಟೇನೂ ದೂರವಲ್ಲದ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವ ಮೂರ್ತಿಯು ಗೆಲುವಿನದಲ್ಲ, ತ್ಯಾಗದ್ದು.

ಇನ್ನು ಆಟದ ಕಥೆ ನಡೆಯುವ ಸ್ಥಳವನ್ನು ಗಮನಿಸೋಣ. ಅದು ಗಣಿ. ಗಣಿಯೆಂಬುದು ಚಿಕ್ಕನಾಯಕನಹಳ್ಳಿಯವರಿಗೆ ಕಲ್ಪನೆಯ ಮಾತಲ್ಲ. ಆ ತಾಲ್ಲೂಕಿನ ಬೆಟ್ಟಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರನ್ನು ತೆಗೆದಿದ್ದಾರೆ. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದ ಸರ್ವೋಚ್ಚ ನ್ಯಾಯಾಲಯವು, ಆಗಸ್ಟ್ ತಿಂಗಳಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳಿಗೂ ಆ ತಡೆಯನ್ನು ವಿಸ್ತರಿಸಿತು. 2013ರ ಏಪ್ರಿಲ್ ತಿಂಗಳ ತೀರ್ಪಿನಲ್ಲಿ ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಯೂ ಬೇಕೆಂದಿತು. ಆಟದಲ್ಲಾದರೋ ಗಣಿ ಸಿಡಿದೊಡನೆ ಹಂತ ಮುಗಿಯಿತು. ಹಿಂದೆ ಉಳಿದ ನೆಲದ ಮಾತನ್ನು ಯಾರೂ ಎತ್ತುವುದಿಲ್ಲ. ಕಂಪನಿಯು ಅಷ್ಟು ಆಳಕ್ಕೆ ಏಕೆ ತೋಡಿತು ಎಂಬ ಪ್ರಶ್ನೆಯನ್ನು ಕೂಲಿಯ ಯೋಧನು ಒಮ್ಮೆಯೂ ಕೇಳುವುದಿಲ್ಲ.

ಜೈನದೃಷ್ಟಿಗೆ ಇದು ಸಣ್ಣ ಲೋಪವಲ್ಲ. ಪೃಥ್ವೀಕಾಯಿಕ ಜೀವಗಳನ್ನು ಒಪ್ಪಿದವರಿಗೆ ಗಣಿಯು ನಿರ್ಜೀವ ಸ್ಥಳವೇ ಅಲ್ಲ. ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ವು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸುತ್ತದೆ. ಪ್ರಯೋಜನವಿಲ್ಲದೆ ನೆಲವನ್ನು ಕೆಡಿಸುವುದು, ನೀರನ್ನು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಅದರಲ್ಲಿ ಸೇರುತ್ತವೆ. ಪರದೆಯ ಗಣಿಯನ್ನು ಸಿಡಿಸಿದ ಮಗನನ್ನು ಗದರುವ ನಾವು, ನಮ್ಮ ಕಣ್ಣೆದುರಿನ ಬೆಟ್ಟ ಕರಗಿದಾಗ ಎಷ್ಟು ಬಾರಿ ಬಾಯಿ ತೆರೆದೆವು? ಮಕ್ಕಳು ಈ ಪ್ರಶ್ನೆಯನ್ನು ಹಿಂದಿರುಗಿಸಿದರೆ ಅವರ ತಪ್ಪಿಲ್ಲ. ಆಟಕ್ಕೂ ವ್ಯಾಪಾರಕ್ಕೂ ಒಂದೇ ಅಳತೆಗೋಲನ್ನು ಹಿಡಿಯುವ ಮನೆಯಲ್ಲಿ ಮಾತ್ರ ಹಿರಿಯರ ಮಾತಿಗೆ ಬೆಲೆಯಿರುತ್ತದೆ.

ಮನೆಗಳಲ್ಲಿ, ವಿಶೇಷವಾಗಿ ಟ್ರಸ್ಟುಗಳು ನಡೆಸುವ ವಿದ್ಯಾರ್ಥಿನಿಲಯಗಳಲ್ಲಿ, ಮಾಡಬಹುದಾದುದೇನು? ಸಾರಾಸಗಟಾಗಿ ನಿಷೇಧಿಸಿದರೆ ಆಟ ನಿಲ್ಲುವುದಿಲ್ಲ, ಕಣ್ಮರೆಯಾಗುತ್ತದೆ. ಹಾಗೆಂದು ಬಾಗಿಲನ್ನು ತೆರೆದಿಡುವುದೂ ಸರಿಯಲ್ಲ. ಆರು ದಿಕ್ಕುಗಳಿಗೂ ಅಡೆತಡೆಯಿಲ್ಲದೆ ಹಾರುವ ಈ ನೌಕೆಯೇ ಒಂದು ಪಾಠವನ್ನು ಹೇಳುತ್ತದೆ: ಎಲ್ಲ ಕಡೆಗೂ ತಿರುಗಬಲ್ಲವನು ಮೊದಲು ಕಳೆದುಕೊಳ್ಳುವುದು ದಾರಿಯನ್ನು. ದಿಗ್ವ್ರತದಲ್ಲಿ ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಗಡಿ ಹಾಕಿಕೊಳ್ಳುವ ಶ್ರಾವಕನು ಚಲನೆಯನ್ನು ದ್ವೇಷಿಸಿದವನಲ್ಲ. ಅದರ ಅಳತೆಯನ್ನು ಅರಿತವನು. ಅದೇ ನ್ಯಾಯದಿಂದ ಆಟಕ್ಕೂ ಗಡಿಯನ್ನು ಹಾಕಬಹುದು. ಒಂದು ದಿನಕ್ಕೆ ಒಂದು ಹಂತ. ಹೆಚ್ಚೆಂದರೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಸಾಮಾಯಿಕಕ್ಕೆ ಕುಳಿತುಕೊಳ್ಳುವಷ್ಟೇ ಕಾಲ ಆಟಕ್ಕೂ ಸಲ್ಲಲಿ, ಅದಕ್ಕಿಂತ ಹೆಚ್ಚು ಬೇಡ.

ಗಡಿಯ ಜೊತೆಗೆ ಸಂಗಡವೂ ಇರಲಿ. ತಂದೆತಾಯಿಗಳಾಗಲಿ ನಿಲಯಪಾಲಕರಾಗಲಿ ಒಂದು ದಿನ ಪಕ್ಕದಲ್ಲಿ ಕುಳಿತು ನೋಡಲಿ. ಹೊಸ ಆಟವೊಂದು ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇಲ್ಲಿ ಗುರಿಯಾಗುವುದು ಯಾರ ರೂಪ? ಹೊಡೆಯದೆ ಸಾಗುವ ದಾರಿ ಉಂಟೇ? ಆಟವು ಯಾವುದಕ್ಕೆ ಬಹುಮಾನ ಕೊಡುತ್ತದೆ? ಮುಗಿಸಿ ಎದ್ದ ಮಗುವಿನ ಮುಖದಲ್ಲಿ ಶಾಂತಿಯಿದೆಯೇ, ಸಿಡುಕಿದೆಯೇ? ಈ ಪ್ರಶ್ನೆಗಳಿಗೆ 'ಡಿಸೆಂಟ್' ಕೊಡುವ ಉತ್ತರ ಮಿಶ್ರವಾದುದು. ರೂಪದ ವಿಷಯದಲ್ಲಿ ಅದು ಎಚ್ಚರ ವಹಿಸಿದೆ. ಬಹುಮಾನದ ವಿಷಯದಲ್ಲಿ ವಿವೇಕವನ್ನು ಆಡುವವನಿಗೇ ಬಿಟ್ಟುಬಿಟ್ಟಿದೆ.

'ಡಿಸೆಂಟ್' ಎಂದರೆ ಕೆಳಗಿಳಿಯುವುದು. ನಮ್ಮಲ್ಲಿ ಅದಕ್ಕೆ ಅಧೋಗತಿಯೆಂಬ ಭಾರವಾದ ಮಾತೊಂದಿದೆ. ಆದರೆ ಕೆಳಗಿಳಿದವರೆಲ್ಲರದೂ ಅಧೋಗತಿಯಲ್ಲ. ಸಿಕ್ಕಿಬಿದ್ದವರನ್ನು ಮೇಲಕ್ಕೆ ತರಲು ಇಳಿದವನದು ಬೇರೆ. ಮಗುವು ಗಣಿಗೆ ಯಾವ ಭಾವದಿಂದ ಇಳಿಯಿತು, ಯಾರನ್ನು ಜೊತೆಗೆ ತಂದಿತು ಎಂದು ಕೇಳುವಷ್ಟು ವ್ಯವಧಾನ ಹಿರಿಯರಿಗಿರಲಿ. ಹಾಗೆ ಕೇಳಿಸಿಕೊಂಡು ಬೆಳೆದ ಮಗು ತನ್ನ ಕೈಯಲ್ಲಿರುವುದು ಹಿಟ್ಟಿನ ಕೋಳಿಯೇ ಅಲ್ಲವೇ ಎಂಬುದನ್ನು ಮುಂದೆ ತಾನೇ ಗುರುತಿಸೀತು.